ನೀವು ನೋಡಿ ಬಂದಿದ್ದ ಗಾಡಿ

ಬಾಯಿಬಿಡದ ನನ್ನ ಅಪ್ಪನಿಗೆ,

ಮೊದಲು ಜಗಳ, ಕ್ಷೇಮ ಸಮಾಚಾರ ಆಮೇಲೆ. ಹೋದ ತಿಂಗಳು ಗ್ಯಾಸಿನವನ ನಂಬರಿಗಾಗಿ ನಿಮ್ಮ ಟೆಲಿಫೋನ್ ಡೈರಿ ತೆಗೆದಿದ್ದೆ. ನೀವು ಹೋಗಿ ಒಂಬತ್ತು ತಿಂಗಳಾದರೂ ನಮಗೆ ನಂಬರ್ ಬೇಕೆಂದರೆ ಅದೇ ಡೈರಿ. ಕೊನೆಯ ಪುಟದಲ್ಲಿ ನಿಮ್ಮ ಅಕ್ಷರ: ‘ಮೂರ್ತಿ, ಬನಶಂಕರಿ. ವ್ಯಾಗನ್. ಏಳು ಸೀಟು. ಆಟೋಮ್ಯಾಟಿಕ್.’ ಕೆಳಗೊಂದು ಫೋನ್ ನಂಬರ್. ಅಷ್ಟೇ. ಇನ್ನೊಂದು ಸಾಲು ಬರೆದಿದ್ದರೆ ನಿಮ್ಮ ಪೆನ್ನು ಸವೆದುಹೋಗುತ್ತಿತ್ತಾ?

ಜಯನಗರದ ಮೈದಾನದ ಪಕ್ಕದ ರಸ್ತೆಯಲ್ಲಿ ನನಗೆ ಕಾರು ಕಲಿಸಿದ್ದು ನೆನಪಿದೆಯಾ? ಮೂರು ಭಾನುವಾರವೂ ಗಾಡಿ ನೆಗೆದು ನೆಗೆದು ನಿಂತಿತು. ‘ನಿಂಗೆ ಕ್ಲಚ್ ಆಗಿಬರಲ್ಲ ಕಣಮ್ಮ’ ಅಂತ ಕೀ ಕಿತ್ತುಕೊಂಡಿರಿ. ಆಮೇಲೆ ಹೇಗೋ ಲೈಸೆನ್ಸ್ ಸಿಕ್ಕಿತು, ಧೈರ್ಯ ಮಾತ್ರ ಸಿಗಲಿಲ್ಲ. ಹಾಗಾಗಿ ಕ್ಲಚ್ಚೇ ಇಲ್ಲದ ಆಟೋಮ್ಯಾಟಿಕ್ ಗಾಡಿ ಅಂತ ಕಂಡಿದ್ದೇ ತಡ, ಇದನ್ನು ನನಗೆಂದೇ ಹುಡುಕಿಟ್ಟಿದ್ದೀರಿ ಅಂದುಕೊಂಡೆ. ಅಮ್ಮನ ವಿಷಯವೂ ಇತ್ತು. ನೀವು ಹೋದ ದಿನದಿಂದ ಅವಳು ಗೇಟು ದಾಟಿರಲಿಲ್ಲ. ಮಂಡಿ ನೋವಂತೆ, ಆಟೋ ಹತ್ತಲು ಆಗುವುದಿಲ್ಲವಂತೆ, ಕ್ಯಾಬು ತೀರಾ ತಗ್ಗಂತೆ. ‘ನನ್ನನ್ನ ನಾಲ್ಕು ಜನ ಹಿಡಿದು ಎತ್ತಿ ಹಾಕೋದೇನೂ ಬೇಡ’ ಅಂತ ಬಾಗಿಲ ಹತ್ತಿರದ ಕುರ್ಚಿಯಲ್ಲೇ ಕೂತುಬಿಟ್ಟಿದ್ದಳು. ಹೇಗಾದರೂ ಮಾಡಿ ಅವಳನ್ನು ಹೊರಗೆ ಕರೆದುಕೊಂಡು ಹೋಗಬೇಕಿತ್ತು.

ಮೂರ್ತಿಯವರ ಮನೆಗೆ ಹೋದ ದಿನ ಅವರು ಹೇಳಿದ ಮೊದಲ ಮಾತೇ, ‘ನಿಮ್ಮ ತಂದೆ ಎರಡು ಸಲ ಬಂದಿದ್ರು ಮೇಡಂ, ಇದೇ ಕುರ್ಚೀಲಿ ಕೂತಿದ್ರು.’ ಮುಗಿಯಿತಲ್ಲ, ನಾನೂ ಅದೇ ಕುರ್ಚಿಯಲ್ಲಿ ಕೂತುಬಿಟ್ಟೆ. ‘ಮೆಕ್ಯಾನಿಕ್ಕನ್ನ ಕರ್ಕೊಂಡು ಬರ್ತೀನಿ’ ಅನ್ನುವ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಅಷ್ಟರಲ್ಲಿ ಅವರ ಹೆಂಡತಿ ಕಾಫಿ, ಚಕ್ಕುಲಿ ತಂದಿಟ್ಟರು. ನೀವು ಕೂತ ಕುರ್ಚಿಯಲ್ಲಿ ಕೂತು, ಅವರ ಮನೆ ಚಕ್ಕುಲಿ ತಿಂದು, ಅವರ ಗಾಡಿಯ ಮೇಲೆ ನನಗೆ ಅನುಮಾನ ಅಂತ ಹೇಗೆ ಹೇಳಲಿ? ಹಾಳು ದಾಕ್ಷಿಣ್ಯ. ಟೈಲರ್ ಬೇಜಾರು ಮಾಡಿಕೊಳ್ಳುತ್ತಾನೆಂದು ಬಿಗಿಯಾದ ಶರ್ಟನ್ನೇ ಎರಡು ವರ್ಷ ಹಾಕಿಕೊಂಡು ಓಡಾಡಿದವರ ಮಗಳು ತಾನೇ ನಾನು. ಬಡಾವಣೆಯೊಳಗೆ ಹತ್ತು ನಿಮಿಷ ಓಡಿಸಿದೆ, ಸಲೀಸಾಗಿ ಹೋಯಿತು. ಎರಡು ಸಲ ಬಂದವರು ಮತ್ತೆ ಯಾಕೆ ಕೊಳ್ಳಲಿಲ್ಲ? ಅದೊಂದನ್ನು ಕೇಳಲಿಲ್ಲ ನೋಡಿ. ಅಷ್ಟರಲ್ಲಿ ಕಾಯಿಲೆ ಬಿದ್ದಿರಿ, ಅದಕ್ಕೇ ಇರಬೇಕು ಎಂದು ನಾನೇ ಉತ್ತರ ಕೊಟ್ಟುಕೊಂಡು ಗಾಡಿ ತಂದುಬಿಟ್ಟೆ.

ಪೂಜೆ ಮಾಡಿದ ಭಾನುವಾರ ಅಮ್ಮ ಕುಂಟುತ್ತಾ ಬಂದು, ಯಾರ ಕೈಯೂ ಹಿಡಿಯದೆ ಮುಂದಿನ ಸೀಟಿಗೆ ಹತ್ತಿ ಕೂತಳು. ನನಗೆ ನಂಬಲಿಕ್ಕೇ ಆಗಲಿಲ್ಲ. ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟು ಹೊರಟೆವು, ಹೊಸಕೆರೆಹಳ್ಳಿಯ ಚಿಕ್ಕಮ್ಮನ ಮನೆಗೆ. ಅರ್ಧ ಗಂಟೆ ಟ್ರಾಫಿಕ್ಕಿನಲ್ಲಿ ತೆವಳಿ, ಚಿಕ್ಕಮ್ಮನ ರಸ್ತೆಯ ಏರು ಹತ್ತುವಾಗ ಇಂಜಿನ್ ಹುಯ್ಯೋ ಅಂದಿತು, ಗಾಡಿ ಮುಂದೆ ಹೋಗಲಿಲ್ಲ. ಆಮೇಲೆ ನಿಧಾನಕ್ಕೆ ಹಿಂದೆ ಜಾರತೊಡಗಿತು. ಹಿಂದಿನಿಂದ ಒಂದೇ ಸಮ ಹಾರ್ನ್. ಆಟೋದವರೊಬ್ಬರು ಓಡಿ ಬಂದು ಚಕ್ರಕ್ಕೆ ಕಲ್ಲು ಕೊಟ್ಟರು. ‘ಮೇಡಂ, ಬರೀ ಸೌಂಡು ಬರ್ತಾ ಇದೆ, ಗಾಡಿ ಎಳೀತಾನೇ ಇಲ್ಲ. ಅಮ್ಮನ್ನ ಇಳಿಸಿ ಮೊದ್ಲು.’ ಕೊನೆಗೆ ಅವರೂ ನಾನೂ ಹಿಡಿದು ಎತ್ತಿಯೇ ಅಮ್ಮನನ್ನು ಅವರ ಆಟೋದಲ್ಲಿ ಕೂರಿಸಬೇಕಾಯಿತು. ಮನೆಗೆ ಬಂದ ಮೇಲೆ ಅವಳು ಹೇಳಿದ್ದು ಒಂದೇ ಮಾತು. ‘ಇನ್ನು ನನ್ನನ್ನ ಎಲ್ಲಿಗೂ ಕರೀಬೇಡ ಕಣೆ.’

ಮಾರನೆಯ ದಿನ ಗಾಡಿಯನ್ನು ನೋಡಿದ ಮೆಕ್ಯಾನಿಕ್ ತಲೆ ಆಡಿಸಿದ. ‘ಗೇರ್‌ಬಾಕ್ಸ್ ಹೋಗಿದೆ ಮೇಡಂ. ತಣ್ಣಗಿದ್ದಾಗ ಚೆನ್ನಾಗೇ ಓಡತ್ತೆ, ಬಿಸಿ ಆದ್ರೆ ಗೇರು ಹಿಡಿಯಲ್ಲ. ಇದು ಹೊಸ ಕಾಯಿಲೆ ಅಲ್ಲ.’ ಹಳೇ ಮಾಡೆಲ್ಲು, ಪಾರ್ಟು ಬರಲು ಮೂರು ವಾರ, ಅಲ್ಲಿಯವರೆಗೆ ಮುಟ್ಟಬೇಡಿ ಅಂದ. ಎಳೆಸಿಕೊಂಡು ತಂದು ಮನೆ ಮುಂದೆ ನಿಲ್ಲಿಸಿದೆ. ದಿನಾ ಬೆಳಿಗ್ಗೆ ರಂಗೋಲಿ ಹಾಕಲು ಹೋದಾಗ ಅದರ ಮುಖ ನೋಡಿದರೆ ಮೈಯೆಲ್ಲ ಉರಿಯುತ್ತಿತ್ತು.

ಎರಡನೆಯ ಸಲ ಮೂರ್ತಿಯವರ ಮನೆಗೆ ಹೋದಾಗ ನಾನು ಕೂರಲಿಲ್ಲ, ಕಾಫಿಯೂ ಬೇಡವೆಂದೆ. ‘ಗೇರ್‌ಬಾಕ್ಸ್ ಹಾಳಾಗಿರೋದು ನಿಮಗೆ ಗೊತ್ತಿತ್ತಾ?’ ಅಂತ ನೇರವಾಗಿ ಕೇಳಿದೆ. ಅವರು ಪೇಪರ್ ಮಡಿಸುತ್ತಾ, ‘ನಿಮ್ಮ ತಂದೆ ಮೆಕ್ಯಾನಿಕ್ಕನ್ನ ಕರ್ಕೊಂಡು ಬಂದು ತೋರಿಸಿದ್ರಲ್ಲ ಮೇಡಂ. ನಿಮಗೂ ಹೇಳಿರ್ತಾರೆ ಅಂದ್ಕೊಂಡೆ’ ಅಂದರು. ಕೇಳಿದಿರಾ ಅಪ್ಪ? ನಿಮಗೆ ಗೊತ್ತಿತ್ತು! ಗೊತ್ತಿದ್ದೂ ಆ ನಂಬರನ್ನು ಹಾಗೇ ಬಿಟ್ಟು ಹೋಗಿದ್ದೀರಿ. ಅವರ ಮೇಲೆ ಹರಿಹಾಯಬೇಕೋ ನಿಮ್ಮ ಮೇಲೋ ತಿಳಿಯದೆ ಅಲ್ಲೇ ಬಾಗಿಲಲ್ಲಿ ಅತ್ತುಬಿಟ್ಟೆ. ಆಗ ಅವರ ಹೆಂಡತಿ ಹೊರಗೆ ಬಂದರು. ‘ಹೇಳಿಬಿಡಿ ಅಂತ ನಾನು ಇವರಿಗೆ ಬಡ್ಕೊಂಡೆ ಕಣಮ್ಮ. ನಿಮ್ಮ ತಂದೆ ಎರಡನೇ ಸಲ ಟೇಪ್ ತಂದಿದ್ರು. ನೆಲದಿಂದ ಗಾಡಿ ಮೆಟ್ಟಿಲಿಗೆ, ಮೆಟ್ಟಿಲಿಂದ ಸೀಟಿಗೆ ಎಲ್ಲಾ ಅಳೆದ್ರು. ಗೇರ್‌ಬಾಕ್ಸ್ ಸರಿ ಮಾಡಿಸಿಡಿ, ತಗೋತೀನಿ, ನನ್ನ ಹೆಂಡ್ತಿ ತಾನಾಗಿ ಹತ್ತೋ ಎತ್ತರ ಇದೊಂದೇ ಅಂದ್ರು. ಆಮೇಲೆ ಬರಲೇ ಇಲ್ಲ.’

ಮನೆಗೆ ಬಂದು ಇದನ್ನೆಲ್ಲ ಹೇಳಿದಾಗ ಅಮ್ಮ ಅವರೆಕಾಯಿ ಸುಲಿಯುತ್ತಿದ್ದಳು. ಅವಳ ಕೈ ನಿಂತಿತು. ‘ಮಣೆ ಮೇಲೆ ಮಣೆ ಇಟ್ಟು ನನ್ನನ್ನ ಹತ್ತಿಸಿ ಇಳಿಸಿ, ಹತ್ತಿಸಿ ಇಳಿಸಿ ಮಾಡಿದ್ರಲ್ಲ, ಅದಕ್ಕಾ? ನಿಮಗೇನು ಅರಳುಮರಳಾ ಅಂತ ಬೈದಿದ್ದೆ ಕಣೆ ನಾನು.’ ಬೈಸಿಕೊಂಡಾಗಲಾದರೂ ಹೇಳಬಹುದಿತ್ತಲ್ಲ ಅಪ್ಪ. ಗಾಡಿ ಮನೆ ಮುಂದೆ ಬಂದು ನಿಂತ ಮೇಲೆ ಹೇಳೋಣ ಅಂತ ಇದ್ದಿರೇನೋ...

ನಿಮ್ಮ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ, ಇಷ್ಟು ಬೇಗ ಇಳಿಯುವುದೂ ಇಲ್ಲ. ಪಾರ್ಟು ಬರಲು ಇನ್ನೂ ಒಂದು ವಾರ ಇದೆ. ಆದರೆ ಈ ಸುದ್ದಿ ನಿಮಗೆ ತಲುಪಬೇಕು. ಈಗ ದಿನಾ ಸಂಜೆ ಅಮ್ಮ ಅವರೆಕಾಯಿ ಮೊರ ಹಿಡಿದುಕೊಂಡು ಗೇಟು ದಾಟುತ್ತಾಳೆ, ತಾನಾಗಿಯೇ ಗಾಡಿ ಹತ್ತಿ ಕೂತು ಸುಲಿಯುತ್ತಾಳೆ. ಆ ಗಾಡಿ ಎಲ್ಲಿಗೂ ಹೋಗುವುದಿಲ್ಲ ಅಂತ ಅವಳಿಗೆ ಚೆನ್ನಾಗಿ ಗೊತ್ತು. ನಿನ್ನೆ ಸೀಟ್ ಬೆಲ್ಟ್ ಹಾಕಿಕೊಂಡು ಕೂತಿದ್ದಳು.

ಕ್ಲಚ್ ಆಗಿಬರದ ನಿಮ್ಮ ಮಗಳು