ಗಂಟೆಗೆ ಹದಿನಾಲ್ಕು ವಾಹನ

ರಸ್ತೆ ವಿಭಾಗದ ಇಂಜಿನಿಯರ್ ಸಾಹೇಬರೇ,

ನಮ್ಮೂರಿನ ರಸ್ತೆಗೆ ಹಂಪ್ ಬೇಕಿಲ್ಲ ಎಂದು ನೀವು ಸಹಿ ಹಾಕಿದ ಕಾಗದ ಕೈಸೇರಿತು. “ಗಂಟೆಗೆ ಹದಿನಾಲ್ಕು ವಾಹನ, ಅದರಲ್ಲಿ ಒಂಬತ್ತು ಸೈಕಲ್” ಎಂದಿದ್ದೀರಿ. ಅದು ಬಂದ ದಿನ ನನ್ನಕ್ಕ ಆಸ್ಪತ್ರೆಯಲ್ಲಿದ್ದಳು. ನಿಮ್ಮ ಲೆಕ್ಕಕ್ಕೆ ಸಿಗದ ಹದಿನೈದನೆಯ ವಾಹನ ಅವಳ ಎಡಗಾಲಿನ ಮೇಲೆ ಹರಿದಿತ್ತು.

ನಿಮ್ಮ ಎಣಿಕೆ ಸುಳ್ಳಲ್ಲ, ಒಪ್ಪುತ್ತೇನೆ. ತಪ್ಪು ನಮ್ಮದೂ ಇದೆ. ನೀವು ಬರುತ್ತೀರೆಂದು ತಿಳಿದ ಕೂಡಲೇ ಊರಿನ ಹಿರಿಯರು, “ದೊಡ್ಡೋರು ಬರ್ತಿದ್ದಾರೆ, ಊರು ಚೆಂದ ಕಾಣ್ಬೇಕು ಕಣ್ರಪ್ಪಾ” ಎಂದರು. ನಾವು ರಸ್ತೆ ಗುಡಿಸಿ, ನೀರು ಚಿಮುಕಿಸಿ, ಎರಡೂ ತುದಿಗೆ ಹಗ್ಗ ಕಟ್ಟಿ, ಲಾರಿ ಕಾರುಗಳನ್ನೆಲ್ಲ ಹೊರಗೇ ತಡೆದೆವು. ನೀವು ನನ್ನ ಹೊಲಿಗೆ ಅಂಗಡಿಯ ಮುಂದೆ ಕುರ್ಚಿ ಹಾಕಿಸಿಕೊಂಡು, “ಎಷ್ಟು ಶಾಂತವಾಗಿದೆ ನಿಮ್ಮೂರು!” ಎಂದಾಗ ನಾವು ಹಲ್ಲು ಕಿರಿದೆವು. ಥೂ, ನಮ್ಮ ಬುದ್ಧಿಗಿಷ್ಟು! ಆದರೆ ಸಾಹೇಬರೇ, ನಿಮ್ಮ ಜೀಪಿಗೆ ಆ ಹಗ್ಗ ಬಿಚ್ಚಿದವನು ನಾನೇ. ನೀವು ಅದನ್ನು ನೋಡಿ ಕೈ ಬೀಸಿದಿರಿ. ರಸ್ತೆಗೆ ಹಗ್ಗ ಕಟ್ಟಿದ್ದಾರೆಂದು ಕಂಡ ಮೇಲೂ ಎಣಿಸಲು ಕೂತಿರಲ್ಲ, ಅದಕ್ಕೆ ಯಾವ ವಿದ್ಯೆ ಎನ್ನುತ್ತಾರೆ?

ಹೆದ್ದಾರಿಯ ಸಿಗ್ನಲ್ ತಪ್ಪಿಸಿಕೊಳ್ಳಲು ಈಗ ಊರಿನ ನಡುವೆಯೇ ಎಲ್ಲರೂ ನುಗ್ಗುತ್ತಾರೆ. ನಾನು ಹೊಲಿದ ಅಂಗಿಗಳಿಗೆ ಅಕ್ಕ ಎದುರು ಮನೆಯಲ್ಲಿ ಕೂತು ಕಾಜಾ ಹೊಲಿದು ಗುಂಡಿ ಹಾಕುತ್ತಾಳೆ. ಮೂವತ್ತು ವರ್ಷದಿಂದ ದಿನಕ್ಕೆ ಹತ್ತು ಸಲ ಆ ರಸ್ತೆ ದಾಟಿದವಳು. ಅಂದು ಆರು ಅಂಗಿ ಹಿಡಿದು ಬರುತ್ತಿದ್ದಾಗ ಬಿಳಿ ಕಾರು ಗುದ್ದಿತು. ಅದರ ಯಜಮಾನ ಗಾಜು ಇಳಿಸಿ, “ನೋಡ್ಕೊಂಡು ಬರ್ಬಾರ್ದೇನಮ್ಮಾ?” ಎಂದು ಹೊರಟೇ ಹೋದ. ಅಕ್ಕ ನೆಲದ ಮೇಲೆ ಬಿದ್ದುಕೊಂಡೇ, “ಬಟ್ಟೆ ಮಣ್ಣಾಯ್ತಲ್ಲೋ” ಎಂದು ಅತ್ತಳು. ಮತ್ತೊಮ್ಮೆ ಎಣಿಸಿ ಎಂದು ಬೇಡಿಕೊಂಡರೆ, ಎಣಿಕೆ ಮೂರು ವರ್ಷ ಊರ್ಜಿತ ಎಂದು ನಿಮ್ಮ ಕಚೇರಿ ಬರೆಯಿತು.

ನನಗೆ ಹೊಟ್ಟೆ ಉರಿಯುತ್ತಿದೆ. ಕ್ಷಮಿಸುವಷ್ಟು ದೊಡ್ಡ ಮನುಷ್ಯ ನಾನಲ್ಲ, ಸೇಡು ತೀರಿಸಿಕೊಳ್ಳುತ್ತೇನೆ. ದಿನಾ ಬೆಳಿಗ್ಗೆ ಒಂಬತ್ತಕ್ಕೆ ನಿಮ್ಮ ಜೀಪೂ ಇದೇ ದಾರಿಯಲ್ಲಿ ಹಾರಿಹೋಗುತ್ತದೆಂದು ಊರಿಗೆಲ್ಲ ಗೊತ್ತು. ಸೋಮವಾರದಿಂದ ಆ ಹೊತ್ತಿಗೆ ನಾವು ಮುನ್ನೂರು ಜನ ಒಬ್ಬೊಬ್ಬರಾಗಿ ರಸ್ತೆ ದಾಟುತ್ತೇವೆ. ಕಲ್ಲಿಲ್ಲ, ಕೂಗಿಲ್ಲ. ನಡೆಯುವವರಿಗೆ ಮೊದಲು ದಾರಿ ಎಂದು ನಿಮ್ಮ ಇಲಾಖೆಯ ಪುಸ್ತಕದಲ್ಲೇ ಇದೆ. ಮೊದಲು ಅಕ್ಕ. ಟೇಪು ಹಿಡಿದು ಅಳೆದಿದ್ದೇನೆ, ರಸ್ತೆ ಇಪ್ಪತ್ತೆರಡು ಅಡಿ. ವಾಕರ್ ಹಿಡಿದು ದಾಟಲು ಅವಳಿಗೆ ನಾಲ್ಕು ನಿಮಿಷ ಬೇಕು ಎಂದರೆ, “ನಾಲ್ಕ್ಯಾಕೋ, ಆರು ಮಾಡ್ತೀನಿ ಬಿಡು” ಎಂದಳು.

ಭಾನುವಾರದೊಳಗೆ ಮೂರು ಹಂಪ್ ಹಾಕಿಸಿ: ತಿರುವಿನಲ್ಲಿ, ಶಾಲೆಯ ಮುಂದೆ, ಅಕ್ಕನ ಬಾಗಿಲಿಗೆ. ಇಲ್ಲವಾದರೆ ಜೀಪಿನಲ್ಲೇ ಕೂತು ಕಾಯಿರಿ. ಹಾರ್ನ್ ಮಾತ್ರ ಹೊಡೆಯಬೇಡಿ. ಆ ಸದ್ದು ಕೇಳಿದರೆ ಅಕ್ಕ ಈಗ ನಡುರಸ್ತೆಯಲ್ಲೇ ನಿಂತುಬಿಡುತ್ತಾಳೆ. ಅವಳು ಕದಲುವವರೆಗೆ ನಾವು ಯಾರೂ ಕದಲುವುದಿಲ್ಲ.

ಇಂತಿ,
ತಡವಾಗಿ ಬುದ್ಧಿ ಬಂದ, ಸೋಮವಾರ ನಿಮ್ಮ ದಾರಿ ಕಾಯುವ
ದರ್ಜಿ