ಸಾಹಿತ್ಯ: ಜನಪದ

ನವೆಂಬರ್ 11, 2025, ಮಂಗಳವಾರ. ಬೆಳಿಗ್ಗೆ 7.20

ಇವತ್ತಿನ ಪೇಪರಲ್ಲಿ ಮೂರು ತಪ್ಪು. ಐದನೇ ಪುಟದಲ್ಲಿ ನಾಯಂಡಹಳ್ಳಿ ಮೆಟ್ರೊ ಸ್ಟೇಷನ್ ಫೋಟೊ, ಕೆಳಗೆ ಕೆಂಗೇರಿ ಅಂತ ಹಾಕಿದಾರೆ. ಕೆಂಪು ಪೆನ್ನಲ್ಲಿ ಸುತ್ತು ಹಾಕಿದೆ. ಸಂಪಾದಕರಿಗೆ ಕಾರ್ಡು ಬರೆದೆ. ಕೊನೆಗೆ ಎಂದಿನಂತೆ — 'ಒಬ್ಬ ಓದುಗರು, ವಿಜಯನಗರ'.

ನಮ್ಮ ಯಜಮಾನರು ನಾಗೇಂದ್ರ ಶೇವ್ ಮಾಡ್ತಾ ಕನ್ನಡಿಯಲ್ಲೇ ನೋಡಿದರು.

"ಹೆಸರು, ವಿಳಾಸ ಇಲ್ಲದ ಪತ್ರ ಹಾಕಲ್ಲ ಅಂತ ದಿನಾ ಅಚ್ಚು ಮಾಡ್ತಾರೆ. ಅದೊಂದು ಸಾಲು ನಿನ್ನ ಕಣ್ಣಿಗೆ ಬೀಳಲ್ಲ ನೋಡು."

ಕಾರ್ಡು ಬ್ಯಾಗಿಗೆ ಹಾಕಿಕೊಂಡೆ. ಮೂವತ್ತು ವರ್ಷ ಫ್ಯಾಕ್ಟರಿಯ ಇನ್‌ಸ್ಪೆಕ್ಷನ್ ಸೆಕ್ಷನ್ನಲ್ಲಿ ಕೂತಿದ್ದೆ. ತಪ್ಪು ತೋರಿಸೋದು ನನ್ನ ಕೆಲಸ. ಹಾಕೋದು ಬಿಡೋದು ಅವರಿಷ್ಟ.

ಹತ್ತು ಗಂಟೆಗೆ ಧನ್ಯಶ್ರೀ ಫೋನ್. ತಂಗಿ ಮಗಳು. ಶನಿವಾರ, ಭಾನುವಾರ ಕೆಂಗೇರಿ ಆಚೆ ಮ್ಯೂಸಿಕ್ ಫೆಸ್ಟಿವಲ್ ಅಂತೆ. ಬ್ಲೂಸ್, ರಾಕ್. ಹಾಡೋರೆಲ್ಲ ಅರವತ್ತು ದಾಟಿದವರು. ಎರಡು ಪಾಸ್ ತಗೊಂಡಿದಾಳೆ.

"ಸೆಕೆಂಡ್ ಶಿಫ್ಟ್ ಅಂತ ಲೋಕಲ್ ಬ್ಯಾಂಡೂ ಇದೆ ದೊಡ್ಡಮ್ಮ. ಫುಲ್ ಲೆಜೆಂಡ್ಸ್. ನಿಮ್ಮ ಫ್ಯಾಕ್ಟರಿಯೋರೇ ಅಂತೆ, ಗೊತ್ತಾ?"

ಗೊತ್ತು ಅಂದೆ. ಅಷ್ಟೇ ಅಂದೆ.

ನವೆಂಬರ್ 13, ಗುರುವಾರ

ಎರಡು ದಿನದಿಂದ ಅದೇ ಯೋಚನೆ. ಬರೆದು ಮುಗಿಸೋಣ.

1986. ನಮ್ಮ ಫ್ಯಾಕ್ಟರಿಯಲ್ಲಿ ಮಧುಕುಮಾರ್ ಟರ್ನರ್, ಲೇತ್ ಮೆಷಿನ್ ಕೆಲಸ. ಎರಡನೇ ಪಾಳಿ ಮುಗಿಸಿ ನಾಲ್ಕು ಜನ ಸೇರಿ ನಾಯಂಡಹಳ್ಳಿಯ ಒಂದು ಶೆಡ್ಡಿನಲ್ಲಿ ಗಿಟಾರ್ ಬಾರಿಸುತ್ತಿದ್ದರು. ಅದಕ್ಕೇ ಬ್ಯಾಂಡಿಗೆ ಆ ಹೆಸರು. ರಾಗ ಇತ್ತು, ಮಾತಿರಲಿಲ್ಲ. ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ನಾನು ಬರೆದುಕೊಟ್ಟೆ —

ಏಳು ಗಂಟೆ ಸೈರನ್, ನನ್ನ ನಿದ್ದೆ ಕದ್ದೆ ನೀನು
ಏಳು ಗಂಟೆ ಸೈರನ್, ನನ್ನ ನಿದ್ದೆ ಕದ್ದೆ ನೀನು
ಟೋಕನ್ ನಂಬರ್ ಕರೀತಾರೆ, ಹೆಸರೆಲ್ಲಿಟ್ಟೆ ನಾನು

ಟೋಕನ್ ಅಂದರೆ ಹಾಜರಿ ಬಿಲ್ಲೆ; ಫ್ಯಾಕ್ಟರಿಯಲ್ಲಿ ಅದರ ನಂಬರೇ ನಮ್ಮ ಗುರುತು. ಹೀಗೇ ಮೂರು ಚರಣ. ಮೂರನೆಯದು ಫೋರ್‌ಮನ್ ಮೇಲೆ. ಫೋರ್‌ಮನ್ ಅಂದರೆ ನಮ್ಮಪ್ಪ. ಕೆಲಸ ಕೊಡಿಸಿದ್ದೂ ಅಪ್ಪನೇ. ಹಾಗಾಗಿ ನನ್ನ ಹೆಸರು ಬೇಡ ಅಂದಿದ್ದೆ.

ಕ್ಯಾಸೆಟ್ ಬಂತು. ಫ್ಯಾಕ್ಟರಿ ಮುಚ್ಚಿತು. ಹಾಡು ನಿಲ್ಲಲಿಲ್ಲ. ಕಾಲೇಜು ಹುಡುಗರು ಹಾಡುತ್ತಾರೆ. ನಾಗೇಂದ್ರ ಶೇವ್ ಮಾಡುವಾಗ ಹಾಡುತ್ತಾರೆ. ಅವರು ಅದೇ ಫ್ಯಾಕ್ಟರಿಯ ಸ್ಟೋರ್ಸ್‌ನಲ್ಲಿದ್ದವರು. ಅವರಿಗೂ ಹೇಳಿಲ್ಲ.

ಅಪ್ಪ ಹೋಗಿ ಇಪ್ಪತ್ತೊಂದು ವರ್ಷ ಆಯ್ತು. ಇನ್ನು ಮಧುಗೇನು ಅಡ್ಡಿ? ಈ ಸಲ ಹೇಳಬಹುದು. ಹೇಳಲಿ.

ನವೆಂಬರ್ 16, ಭಾನುವಾರ. ಬೆಳಿಗ್ಗೆ 5.40

ನಿದ್ದೆ ಬರಲಿಲ್ಲ. ಸಿಟ್ಟಿಗೆ. ಆದದ್ದು ಆದ ಹಾಗೆ ಬರೆಯುತ್ತೇನೆ.

ನಿನ್ನೆ ಮೂರೂವರೆಗೆ ವಿಜಯನಗರದಲ್ಲಿ ಮೆಟ್ರೊ ಹತ್ತಿ ಕೆಂಗೇರಿಯಲ್ಲಿ ಇಳಿದೆವು. ಅಲ್ಲಿಂದ ಆಟೊ. ಮಣಿಕಟ್ಟಿಗೆ ಕಾಗದದ ಪಟ್ಟಿ ಕಟ್ಟಿದರು, ಆಸ್ಪತ್ರೆಯಲ್ಲಿ ಕಟ್ಟುವ ಹಾಗೆ. ಹುಲ್ಲಿನ ಮೇಲೆ ಜನ ಕೂತಿದ್ದರು. ನನ್ನ ವಯಸ್ಸಿನವರು ಬೆರಳೆಣಿಕೆ, ಸೀರೆ ಉಟ್ಟವಳು ನಾನೊಬ್ಬಳೇ.

ಮೊದಲು ಅಮೆರಿಕದ ಒಬ್ಬ ಹಿರಿಯರು. ವಯಸ್ಸು ಎಂಬತ್ತೊಂದು. ಇಬ್ಬರು ಕೈಹಿಡಿದು ಕರೆತಂದು ಕುರ್ಚಿಯಲ್ಲಿ ಕೂರಿಸಿದರು. ನೀರು ಕುಡಿದರು. ಗಿಟಾರ್ ಮುಟ್ಟಿದ ಮೇಲೆ ವಯಸ್ಸು ಕಾಣಲಿಲ್ಲ. ಪ್ರತಿ ಹಾಡಿನ ಮುಂಚೆ ಬರೆದವರು ಯಾರು ಅಂತ ಹೇಳಿದರು. ಇದು ನನ್ನ ಸೋದರಮಾವನದು, ಹತ್ತಿ ಹೊಲದಲ್ಲಿ ಕೆಲಸ ಮಾಡ್ತಿದ್ದ. ಇದು ಪಕ್ಕದ ಊರಿನ ಹೆಂಗಸಿನದು, ಬಟ್ಟೆ ಒಗೆಯುತ್ತಿದ್ದಳು, ಒಂದೇ ಹಾಡು ಬರೆದಳು. ಆಕೆಯ ಹೆಸರನ್ನು ಎರಡು ಸಲ ಹೇಳಿದರು, ಜನರ ಕಿವಿಗೆ ಬೀಳಲಿ ಅಂತ.

ಆಮೇಲೆ ಪಕ್ಕದ ಚಿಕ್ಕ ವೇದಿಕೆಯಲ್ಲಿ ಸೆಕೆಂಡ್ ಶಿಫ್ಟ್. ಮಧುಕುಮಾರ್ ಬಂದರು. ತಲೆ ಬೋಳು, ಕನ್ನಡಕಕ್ಕೆ ದಾರ. ಅದೇ ಕೆಂಪು ಗಿಟಾರ್. ನಾಲ್ಕನೆಯದು ನನ್ನ ಹಾಡು. ಹುಡುಗರು ಬಾಯಲ್ಲೇ ಸೈರನ್ ಕೂಗಲು ಶುರು ಮಾಡಿದರು. ಮಧು ಕೈ ಎತ್ತಿದರು.

"ಇದನ್ನ ಬರೆದೋರು ಯಾರು ಅಂತ ಯಾರಿಗೂ ಗೊತ್ತಿಲ್ಲ. ಜನರ ಮಧ್ಯೆ ಹುಟ್ಟಿದ್ದು, ಜನರೇ ಬೆಳೆಸಿದ್ದು."

ಹಿಂದಿನ ಪರದೆಯ ಮೇಲೆ ದೊಡ್ಡ ಅಕ್ಷರದಲ್ಲಿ — ಏಳು ಗಂಟೆ ಸೈರನ್. ಸಾಹಿತ್ಯ: ಜನಪದ.

ಚಪ್ಪಾಳೆ. ಧನ್ಯಶ್ರೀ ನನ್ನ ತೋಳು ಹಿಡಿದು, "ಅದಕ್ಕೇ ದೊಡ್ಡಮ್ಮ, ಫೋಕ್ ಅಂದ್ರೆ ಬೇರೇನೇ. ಈಗಿನೋರಿಗೆ ಹೀಗೆ ಬರೆಯಕ್ಕೆ ಬರಲ್ಲ."

"ಯಾವ ಜನಪದರು ಟೋಕನ್ ಪಂಚ್ ಮಾಡ್ತಿದ್ರೇ?" ಅಂದೆ.

"ಅಂದ್ರೆ?"

ಅಂದ್ರೆ ಏನು. ಮೂರು ಸಾವಿರ ಜನ ಕೂತಿದ್ದಾರೆ, ಒಬ್ಬರಿಗೂ ಆ ಪ್ರಶ್ನೆ ಬರಲಿಲ್ಲ. ಬಟ್ಟೆ ಒಗೆಯುವವಳ ಹೆಸರು ಸಮುದ್ರ ದಾಟಿ ಕೆಂಗೇರಿಗೆ ಬಂತು. ಐವತ್ತು ಅಡಿ ದೂರದಲ್ಲಿ ಕಡಲೆಕಾಯಿ ಪೊಟ್ಟಣ ಹಿಡಿದು ಕೂತ ನಾನು ಯಾರಿಗೂ ಗೊತ್ತಿಲ್ಲದವಳು.

ಹಾಡು ಮುಗಿಯುವ ಮುಂಚೆ ಎದ್ದು ಬಂದೆ.

ಅದೇ ದಿನ, ಬೆಳಿಗ್ಗೆ 8.15

ನಾಗೇಂದ್ರರಿಗೆ ಹೇಳಿದೆ. ಮುಖಕ್ಕೆ ಸೋಪು ಹಚ್ಚಿದ್ದರು. ಹಾಡು ಎರಡನೇ ಸಾಲಿಗೆ ಬಂದಿತ್ತು.

"ರೀ, ಅದು ನಾನು ಬರೆದದ್ದು."

"ಯಾವುದು?"

"ನೀವು ಹಾಡ್ತಾ ಇರೋದು."

ರೇಜರ್ ಇಟ್ಟರು. ಎಲ್ಲ ಹೇಳಿದೆ. ನಗುತ್ತಾರೆ ಅಂದುಕೊಂಡಿದ್ದೆ. ನಗಲಿಲ್ಲ.

"ಮದುವೆ ಆಗಿ ಮೂವತ್ತೇಳು ವರ್ಷ. ದಿನಾ ನಿನ್ನ ಮುಂದೆ ನಿನ್ನ ಹಾಡೇ ಹಾಡಿಸ್ಕೊಂಡು ಸುಮ್ನಿದ್ದೆ. ತಪ್ಪು ಹಾಡಿದಾಗ ತಿದ್ದಿದೀಯ ಬೇರೆ. 'ಕದ್ದೆ ನೀನು' ಅನ್ರೀ, 'ಕದ್ದಿ' ಅನ್ಬೇಡಿ ಅಂತ."

"ಅಪ್ಪ ಇದ್ರಲ್ಲ ಆಗ."

"ನಾನೇನು ನಿಮ್ಮಪ್ಪನಾ?"

ಸೋಪು ಒರೆಸಿಕೊಂಡು, ಶೇವ್ ಮಾಡದೆ ಎದ್ದು ಹೋದರು. ಇವರ ಮೇಲೆ ಯಾಕೆ ಸಿಟ್ಟು ಬಂತೋ ಗೊತ್ತಿಲ್ಲ. ಬಂತು. ಇವತ್ತು ಸೆಕೆಂಡ್ ಶಿಫ್ಟ್ ದೊಡ್ಡ ವೇದಿಕೆಯಲ್ಲಿ. ಹೋಗಿ ಮುಖಾಮುಖಿ ಕೇಳುತ್ತೇನೆ.

ನವೆಂಬರ್ 17, ಸೋಮವಾರ. ಬೆಳಿಗ್ಗೆ

ನಿನ್ನೆ ನಾಲ್ಕು ಗಂಟೆಗೆ ಹೋದೆ. ಧನ್ಯಶ್ರೀ ಗೇಟಿನವರ ಹತ್ತಿರ ಏನೋ ಹೇಳಿ ವೇದಿಕೆ ಹಿಂದಿನ ಟೆಂಟಿಗೆ ಬಿಡಿಸಿದಳು. ಅವಳಿಗೆ ದಾರಿಯಲ್ಲೇ ವಿಷಯ ಹೇಳಿದ್ದೆ.

ಮಧುಕುಮಾರ್ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಮಂಡಿಗೆ ಬೆಲ್ಟ್ ಹಾಕಿ ಕೂತಿದ್ದರು. ನೋಡಿದ ತಕ್ಷಣ ಗುರುತು ಹಿಡಿದರು.

"ಬನ್ನಿ ಶೋಭಾರಾಣಿ. ನಿನ್ನೆ ಬಂದಿದ್ರಾ?"

"ಬಂದಿದ್ದೆ. ಬರೆದೋರು ಯಾರು ಅಂತ ಯಾರಿಗೂ ಗೊತ್ತಿಲ್ವಂತೆ. ತಿಳ್ಕೊಂಡೆ."

ಅವರು ಪಕ್ಕದಲ್ಲಿದ್ದ ಗಿಟಾರ್ ತೊಡೆ ಮೇಲೆ ಇಟ್ಟುಕೊಂಡರು.

"ಆಯುಧಪೂಜೆ ದಿನ ನೆನಪಿದೆಯಾ? ಲೇತ್ ಪಕ್ಕದಲ್ಲಿ ಇದನ್ನೂ ಇಟ್ಟು ಕುಂಕುಮ ಹಚ್ಚಿದ್ವಿ. ನೀವು ಬಂದು ಗಿಟಾರ್ ಮುಟ್ಟಿ ಆಣೆ ಮಾಡಿ ಅಂದ್ರಿ. ನಿಮ್ಮ ಹೆಸರು ಯಾರಿಗೂ ಹೇಳಲ್ಲ ಅಂತ. ಮಾಡ್ದೆ."

ನೆನಪಿರಲಿಲ್ಲ. ಸುಳ್ಳು ಯಾಕೆ — ಅವರು ಹೇಳಿದ ಕ್ಷಣ ನೆನಪಾಯಿತು. ಕುಂಬಳಕಾಯಿ ಒಡೆದ ನೆಲ. ಮೆಷಿನ್ ಆಯಿಲ್ ವಾಸನೆ. ನಾನು ಕೇಳಿದ್ದು ನಿಜ. ಹೆಸರು ಬೇಡ ಅಂದಿದ್ದಷ್ಟೇ ನೆನಪಿಟ್ಟುಕೊಂಡು, ಆಣೆ ಮರೆತಿದ್ದೆ.

"ಅಪ್ಪ ಹೋಗಿ ಇಪ್ಪತ್ತೊಂದು ವರ್ಷ ಆಯ್ತು."

"ಗೊತ್ತು. ವೈಕುಂಠ ಸಮಾರಾಧನೆಗೆ ಬಂದಿದ್ದೆ. ಆಣೆ ಬಿಡಿಸ್ತೀರಾ ಅಂತ ಕೇಳಕ್ಕೇ ಬಂದಿದ್ದು. ಬಾಗಿಲಲ್ಲಿ ನಿಂತಿದ್ದೆ. ನೀವು 'ಎರಡನೇ ಪಂಕ್ತಿ ಈಗ ಕೂರುತ್ತೆ, ಊಟ ಮಾಡ್ಕೊಂಡ್ ಹೋಗಿ' ಅಂದು ಒಳಗೆ ಹೋದ್ರಿ. ಊಟ ಮಾಡ್ಕೊಂಡ್ ಹೋದೆ."

ಧನ್ಯಶ್ರೀ ನಕ್ಕುಬಿಟ್ಟಳು. ನಾನು ನಗಲಿಲ್ಲ.

"ಮಾಡಿಸಿದೋರೇ ಬಿಡಿಸ್ಬೇಕು," ಅಂದರು. "ಬೇರೆ ದಾರಿ ಇಲ್ಲ. ಗಿಟಾರ್ ಮುಟ್ಟಿ 'ಆಣೆ ಬಿಡಿಸಿದೆ' ಅನ್ನಿ. ಇವತ್ತೇ ಹೇಳ್ತೀನಿ, ಎಲ್ಲರ ಮುಂದೆ."

ಅಷ್ಟು ಸುಲಭ. ಇಲ್ಲಿ ನನ್ನ ಸಿಟ್ಟು ಇಳಿಯಬೇಕಿತ್ತು. ಏರಿತು.

"ಮಧು ಅವರೇ, ಹೆಸರು ಹೇಳಬೇಡಿ ಅಂದಿದ್ದೆ. ಒಪ್ತೀನಿ. ಬರೆದೋರೇ ಇಲ್ಲ ಅಂತ ಹೇಳಿ ಅಂದಿದ್ನಾ? ಹೇಳಲ್ಲ ಅನ್ನೋದು ಬೇರೆ. ಗೊತ್ತಿಲ್ಲ ಅನ್ನೋದು ಬೇರೆ. ಮೊದಲನೇದು ಆಣೆ. ಎರಡನೇದು ಸುಳ್ಳು. ಜನಪದ ಅಂತ ಆಣೇಲಿ ಎಲ್ಲಿತ್ತು?"

ಮಧು ಗಿಟಾರ್ ಪೆಟ್ಟಿಗೆಯ ಒಳಜೇಬಿನಿಂದ ಪ್ಲಾಸ್ಟಿಕ್ ಕವರು ತೆಗೆದು ಕೊಟ್ಟರು. ಹಳದಿ ರಿಜೆಕ್ಷನ್ ಸ್ಲಿಪ್. ಕೆಟ್ಟ ಬಿಡಿಭಾಗಕ್ಕೆ ಕಟ್ಟುವ ಚೀಟಿ. ಹಿಂಬದಿಯಲ್ಲಿ ನನ್ನ ಅಕ್ಷರ, ಮೂರೂ ಚರಣ. ಮುಂದೆ, ಇನ್‌ಸ್ಪೆಕ್ಟರ್ ಸಹಿ ಇರುವ ಜಾಗದಲ್ಲಿ, ಕೈ ರೂಢಿಗೆ ಬರೆದದ್ದು — 2318. ನನ್ನ ಟೋಕನ್. ಹೆಸರಿಲ್ಲ.

"ಪ್ರತಿ ಸಲ ಯಾರದು ಅಂತ ಕೇಳೋರು," ಅಂದರು ಮೆಲ್ಲಗೆ. "ಗೊತ್ತು, ಹೇಳಲ್ಲ ಅಂದ್ರೆ ಬಿಡ್ತಿರಲಿಲ್ಲ. ಗೊತ್ತಿಲ್ಲ ಅಂದೆ. ಆಮೇಲೆ ಯಾರೋ ಜನಪದ ಅಂದ್ರು. ಅದು ಚೆನ್ನಾಗೂ ಇತ್ತು. ತಪ್ಪಾಯ್ತು. ಮುಟ್ಟಿ, ಬಿಡಿಸಿ."

"ನೀವು ಸುಲಭ ಮಾಡ್ಕೊಂಡಿದ್ದು ಸಾಕು," ಅಂದೆ. ಗಿಟಾರ್ ಮುಟ್ಟಲಿಲ್ಲ. ಚೀಟಿ ಬ್ಯಾಗಿಗೆ ಹಾಕಿಕೊಂಡು ಹೊರಗೆ ಬಂದೆ.

ಧನ್ಯಶ್ರೀ ಹಿಂದೆ ಓಡಿ ಬಂದಳು. "ದೊಡ್ಡಮ್ಮ, ನಿಮಗೆ ಹೆಸರು ಬೇಕಾ, ಜಗಳ ಬೇಕಾ?"

ಬ್ಯಾಗು ತಬ್ಬಿಕೊಂಡು ಹೋಗಿ ಹುಲ್ಲಿನ ಮೇಲೆ ಕೂತೆ.

ಐದೂವರೆಗೆ ಸೆಕೆಂಡ್ ಶಿಫ್ಟ್ ಬಂತು. ಆರು ಹಾಡು. ಚೆನ್ನಾಗಿ ಬಾರಿಸಿದರು, ಅದನ್ನೂ ಬರೆಯಬೇಕು. ಅರವತ್ತಾರರ ಬೆರಳು, ಒಂದು ಸ್ವರ ತಪ್ಪಲಿಲ್ಲ. ಜನ ಸೈರನ್ ಕೂಗತೊಡಗಿದರು. ನಿಲ್ಲಿಸಲೇ ಇಲ್ಲ. "ಸೈರನ್ ಹಾಡು ಗುರು!" ಅಂತ ನನ್ನ ಹಿಂದೆಯೇ ಒಬ್ಬ.

ಮಧು ಮೈಕ್ ಹತ್ತಿರ ಬಂದರು.

"ಆ ಹಾಡು ಇವತ್ತು ಇಲ್ಲ. ಬರೆದೋರಿದಾರೆ. ಅವರ ಪರ್ಮಿಷನ್ ಸಿಕ್ಕಿಲ್ಲ. ನಿನ್ನೆ ಗೊತ್ತಿಲ್ಲ ಅಂತ ಹೇಳಿದ್ದು ಸುಳ್ಳು. ನಲವತ್ತು ವರ್ಷದಿಂದ ಸುಳ್ಳೇ ಹೇಳಿದೀನಿ."

ಕೆಲವರು ನಕ್ಕರು, ಜೋಕು ಅಂತ. ಕೆಲವರು ಖಾಲಿ ಬಾಟಲಿ ಎಸೆದರು. "ಯಾರು? ಹೆಸರು ಹೇಳಿ ಸಾರ್!"

"ಹೇಳಂಗಿಲ್ಲ," ಅಂದರು. ಗಿಟಾರ್ ವೈರು ಕಿತ್ತು ಒಳಗೆ ಹೋದರು.

ನಾನು ಎದ್ದು ನಿಂತಿದ್ದೆ. ಧನ್ಯಶ್ರೀ ನನ್ನ ಮುಖವನ್ನೇ ನೋಡುತ್ತಿದ್ದಳು. ಬಾಯಿ ತೆರೆದೆ. ಮಾತು ಹೊರಡಲಿಲ್ಲ. ಯಾರೋ "ಆಂಟಿ, ಕೂತ್ಕೊಳ್ಳಿ, ಕಾಣಲ್ಲ" ಅಂದರು.

ಕೂತೆ.

ಅದಕ್ಕೇ ಈಗ ಸಿಟ್ಟು. ಮಧು ಮೇಲಲ್ಲ.

ನವೆಂಬರ್ 18, ಮಂಗಳವಾರ. ಬೆಳಿಗ್ಗೆ 7.05

ಪೇಪರ್ ಬಂತು. ಏಳನೇ ಪುಟ, ಎರಡು ಕಾಲಂ, ಅಮೆರಿಕದ ಹಿರಿಯರ ಫೋಟೊ. ಕೊನೆಯ ಪ್ಯಾರಾ — 'ಜನಪ್ರಿಯ ಜನಪದ ಗೀತೆ ಏಳು ಗಂಟೆ ಸೈರನ್ ಅನ್ನು ತಾಂತ್ರಿಕ ಕಾರಣಗಳಿಂದ ಹಾಡದಿದ್ದುದು ಅಭಿಮಾನಿಗಳಿಗೆ ನಿರಾಸೆ ಮೂಡಿಸಿತು.'

ತಾಂತ್ರಿಕ ಕಾರಣ.

ಒಂದು ವಾಕ್ಯದಲ್ಲಿ ಎರಡು ತಪ್ಪು. ಸುತ್ತು ಹಾಕಿದೆ. ಪೇಪರ್ ಹರಿಯುವಷ್ಟು ಒತ್ತಿ. ಕಾರ್ಡು ಸಾಲದು, ಹಾಳೆ ತಗೊಂಡೆ.

'ಮಾನ್ಯರೇ, ಇಂದಿನ ನಿಮ್ಮ ವರದಿಯಲ್ಲಿ ಏಳು ಗಂಟೆ ಸೈರನ್ ಜನಪದ ಗೀತೆ ಎಂದಿದೆ. ಇದು ತಪ್ಪು. ಹಾಡದಿರಲು ಕಾರಣ ತಾಂತ್ರಿಕವಲ್ಲ. ಗೀತೆಯನ್ನು 1986ರಲ್ಲಿ ಬರೆದವರು ಜೀವಂತವಾಗಿದ್ದಾರೆ. ಮೂಲ ಚೀಟಿಯ ಜೆರಾಕ್ಸ್ ಲಗತ್ತಿಸಿದೆ. ದಯವಿಟ್ಟು ತಿದ್ದುಪಡಿ ಪ್ರಕಟಿಸಿ.'

ನಾಗೇಂದ್ರರಿಗೆ ಕೊಟ್ಟೆ. ಭಾನುವಾರದಿಂದ ಹೆಚ್ಚು ಮಾತಿಲ್ಲ. ಹಾಡೂ ಇಲ್ಲ. ಕನ್ನಡಕ ಹಾಕಿ ಎರಡು ಸಲ ಓದಿದರು. ನನ್ನ ಕೆಂಪು ಪೆನ್ನು ಕೇಳಿದರು. 'ಬರೆದವರು' ಅಂತ ಇರುವಲ್ಲಿ ಒಂದು ಸುತ್ತು ಹಾಕಿದರು. ವಾಪಸ್ ಕೊಟ್ಟರು.

"ರಿಜೆಕ್ಟ್. ಇವರು ಯಾರು ಅಂತ ಎಲ್ಲೂ ಇಲ್ವಲ್ಲ ಕಣೇ."

ಶೇವ್ ಮಾಡಕ್ಕೆ ಹೋದರು. ನಲ್ಲಿ ಬಿಟ್ಟ ಸದ್ದು. ಹಾಡುತ್ತಿಲ್ಲ. ಕಾಯ್ತಾ ಇದಾರೆ.

ಹೊಸ ಹಾಳೆ.

'ಮಾನ್ಯರೇ, ಏಳು ಗಂಟೆ ಸೈರನ್ ಹಾಡನ್ನು ಬರೆದದ್ದು ನಾನು. ನನ್ನ ಹೆಸರು