ಕುರಿಮರಿಯ ಪಾಲಾದ ಹನಿ

ಮಸಗುಪ್ಪಿ, ಆಗಸ್ಟ್ ೧೨, ಮಂಗಳವಾರ

ಕೂಸಿನ ವಿಟಮಿನ್ ಡಿ ಬಾಟಲಿ ಒಂಬತ್ತೇ ದಿನಕ್ಕೆ ಖಾಲಿ. ಅವ್ವ ಅದನ್ನು ತಬ್ಬಲಿ ಕುರಿಮರಿಗೆ ಕುಡಿಸಿದ್ದಾಳೆ!

“ಎಲುಬು ಗಟ್ಟಿ ಆಗ್ತಾವಂತ ನೀನ ಹೇಳಿದ್ದಿ. ಕೂಸಿಗೆ ನಿನ್ನ ಹಾಲು ಐತಿ. ಆ ಮರೀಗೆ ತಾಯಿ ಎಲ್ಲೈತಿ?” ಎಂದಳು.

ಮೈಯೆಲ್ಲ ಉರಿಯಿತು. ತಾಯಿಹಾಲಿನಲ್ಲಿ ಅದು ಸಾಲದು, ದಿನಾ ಹಾಕಿ ಎಂದು ಗೋಕಾಕದ ಡಾಕ್ಟರು ಹೇಳಿದಾಗ ಇವಳೇ ತಲೆಯಾಡಿಸಿದ್ದಳು.

“ನಿಮ್ಮನ್ನೆಲ್ಲಾ ಬರೇ ಹಾಲಿನ ಮ್ಯಾಗ ಬೆಳಸೇನಿ” ಅಂತೆ. ಹೌದು, ಬೆನ್ನಿಗೆ ಕಟ್ಟಿಕೊಂಡು ಕುರಿಗಳ ಹಿಂದೆ ಬಿಸಿಲಲ್ಲಿ ತಿರುಗಿ ಬೆಳೆಸಿದಳು; ನಮಗೆ ವಿಟಮಿನ್ ಡಿ ಸಿಕ್ಕಿದ್ದು ಆ ಬಿಸಿಲಿನಿಂದಲೇ. ನನ್ನ ಮಗಳನ್ನು ಮಾತ್ರ ಬಾಣಂತಿ ಕೋಣೆಯಲ್ಲಿ, ಕಿಟಕಿಗೆ ಕಂಬಳಿ ಹೊಡೆದು ಇಟ್ಟಿದ್ದಾಳೆ.

ಆ ಮರಿ ಇಡೀ ದಿನ ಅಂಗಳದ ಬಿಸಿಲಲ್ಲಿ ಕುಣಿಯುತ್ತದೆ. ಬಾಟಲಿಯೂ ಅದಕ್ಕೇ. ನನ್ನ ಮಗಳ ಪಾಲಿಗೆ ಕತ್ತಲೆ, ಕೆನ್ನೆಗೊಂದು ದೃಷ್ಟಿಬೊಟ್ಟು.

ನಾಳೆ ಬೆಳಗಾಗಲಿ, ಮೊದಲು ಆ ಕಂಬಳಿ ಕಿತ್ತು ಹಾಕುತ್ತೇನೆ.